ಕೋಟೆಯೂರಿನ ಅಜ್ಜಿ

ನವೆಂಬರ್ ಮೊದಲ ದಿನ. ಮನೆಗೆ ಬರುವ ಹಿರಿಯರ ಆತ್ಮಗಳಿಗೆಂದು ಬಾಳೆಲೆಯಲ್ಲಿ ಮೆಕ್ಕೆಜೋಳದ ಕಡುಬು ಕಟ್ಟುತ್ತಿದ್ದೆ. ತಿರುಗಿ ನೋಡಿದರೆ ನಾಲ್ಕು ವರ್ಷದ ಮಗಳು ನಯೆಲಿ ಇಲ್ಲ.

ಗುಡ್ಡದ ಊರಿನಿಂದ ಕಡಲತೀರದ ಈ ಕೋಟೆಯೂರು ಕಂಪೆಚೆಗೆ ಹೊಸದಾಗಿ ಬಂದಿದ್ದ ನನಗೆ ಬೀದಿಗಳೇ ತಿಳಿಯದು. ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ಎಲ್ಬಾ ಹುಡುಕಲು ನನ್ನ ಜೊತೆ ಓಡಿಬಂದಳು.

ಮಗಳು ಕೋಟೆಯ ಸಮುದ್ರ ಬಾಗಿಲಲ್ಲಿ ನಗುತ್ತ ಕೂತಿದ್ದಳು. ಆ ಸುಡುಬಿಸಿಲಲ್ಲೂ ಅವಳ ಎಡಗೈ ತಣ್ಣಗೆ ಕೊರೆಯುತ್ತಿತ್ತು.

“ಅಜ್ಜಿ ಊರೆಲ್ಲ ತೋರಿಸಿದ್ಲಮ್ಮ. ಫಿರಂಗಿ, ಜೋಡಿಗೋಪುರದ ಚರ್ಚು...”

“ಇವತ್ತು ಮಕ್ಕಳ ಕೈಗೆ ಕೆಂಪು ದಾರ ಕಟ್ಟದೆ ಬಿಡ್ತಾರೇನೇ, ಹುಚ್ಚಿ? ಸತ್ತೋರು ಕರ್ಕೊಂಡು ಹೋಗ್ತಾರೆ!” ಎಂದು ಎಲ್ಬಾ ಗದರಿದಳು. ಮಗುವಿನ ಎಡಗೈ ಎತ್ತಿ ನೋಡಿದಳು; ಮುಂಗೈಗೆ ಆಗಲೇ ಕೆಂಪು ದಾರ, ನೀರಲ್ಲಿ ಅದ್ದಿ ತೆಗೆದಂತೆ ಒದ್ದೆ. “ಇದ್ಯಾರು ಕಟ್ಟಿದ್ದು, ಕಂದಾ?”

“ಅಜ್ಜೀನೇ. ನನ್ನ ಯಾರೂ ಕರ್ಕೊಂಡು ಹೋಗಬಾರದಂತೆ.”

ನಾನದನ್ನು ಬಿಚ್ಚಲಿಲ್ಲ. ವರ್ಷವಾಯಿತು, ದಾರ ಇನ್ನೂ ಒಣಗಿಲ್ಲ.