ಕಿಷ್ಟಮ್ಮ ನೋಡದ ನಾಟಕ

2025ರ ನವೆಂಬರ್ 13, ಗುರುವಾರ, ಬೆಳಿಗ್ಗೆ 10.20. ನಾಟಕ ಕಲಾವಿದೆ ಶೈಲಜಾ ಅವರು ಮಕ್ತಲ್ ಪೊಲೀಸ್ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಚಂದ್ರಕಾಂತ್ ಮುಂದೆ ಮೊಬೈಲ್ ಇಟ್ಟರು. ಭಾನುವಾರ ನಾರಾಯಣಪೇಟೆಯಲ್ಲಿ ಆಡಿದ ನಾಟಕದ ಬಗ್ಗೆ ತಂಡದ ಪುಟದಲ್ಲಿ ನಾಲ್ಕು ವಿಮರ್ಶೆಗಳಿದ್ದವು. ನಾಯಕಿ ಕುಡಿದು ಬಂದಿದ್ದಳು ಎಂದು ನಾಲ್ಕರಲ್ಲೂ ಇತ್ತು.

“ಮುಂದಿನ ಆಟಕ್ಕ ಕರದಿರೋ ಗದ್ವಾಲದವರು ಇದನ್ನ ಓದ್ಯಾರ್ರಿ. ನಾಳೆ ಸಂಜೀತನಕ ಸುಳ್ಳಂತ ಗೊತ್ತಾಗ್ಲಿಲ್ಲಂದ್ರ ಬ್ಯಾರೆ ನಾಯಕಿನ್ನ ಕರೀತಾರಂತ. ಕುಡುಕಿ ಅನಿಸ್ಕೊಂಡಾಕಿನ್ನ ಮತ್ತ ಯಾವ ಊರಾಗ ಹತ್ತಿಸ್ತಾರ್ರಿ ಸ್ಟೇಜು?”

“ನೀವು ಕುಡಿದಿದ್ದಿರೇನು?”

“ಹೌದ್ರಿ. ಎರಡು ಕಪ್ ಚಾ.”

ಕೆಟ್ಟ ವಿಮರ್ಶೆ ಅಪರಾಧವಲ್ಲ. ಬರೆದವರು ನಿಜವಾಗಿ ಇದ್ದಾರೆಯೇ ಎಂದು ನೋಡಬಹುದಿತ್ತು. 12.40ಕ್ಕೆ ಕಾನ್‌ಸ್ಟೆಬಲ್ ಪ್ರಶಾಂತಿ ಉಟ್ಕೂರಿನಲ್ಲಿ, ಒಂದು ವಿಮರ್ಶೆಯ ಮೇಲೆ ಹೆಸರು, ಫೋಟೊ ಇದ್ದ ಕಿಷ್ಟಮ್ಮನ ಮನೆ ಹುಡುಕಿದಳು.

“ಫೋಟೊ ನಂದಾ ಐತಿ. ಬರದಾಕಿ ನಾ ಅಲ್ಲವ್ವ, ಹೆಬ್ಬೆಟ್ಟು ಒತ್ತಾಕಿ,” ಎಂದು ಕಿಷ್ಟಮ್ಮ ನಕ್ಕಳು.

“ನಾಟಕ ನೋಡಿದ್ರಿ?”

“ಹೋದ ವರ್ಷದ್ದು ನೋಡೀನಿ. ಈ ಸರ್ತಿ ಹೋಗೇ ಇಲ್ಲ.”

ಕಳೆದ ವರ್ಷ ಕಲಾವಿದರ ಜೊತೆ ನಿಂತಾಗ ತಂಡದವರೇ ತೆಗೆದ ಫೋಟೊ ಅದು. ಉಳಿದ ಮೂರು ವಿಮರ್ಶೆಗಳ ಫೋಟೊಗಳೂ ತಂಡದ ಚಿತ್ರಗಳಿಂದಲೇ ಕತ್ತರಿಸಿ ತೆಗೆದವು. ಸಂಜೆ 4.15ಕ್ಕೆ ಎಫ್‌ಐಆರ್ ದಾಖಲಾಯಿತು: ಬೇರೆಯವರ ಗುರುತು ಬಳಸಿ ವಂಚನೆ.

ಚಂದ್ರಕಾಂತ್ ನಾಲ್ಕನ್ನೂ ಮತ್ತೆ ಓದಿದರು. ಒಂದರಲ್ಲಿ ಮಾತ್ರ ಮೆಚ್ಚುಗೆಯ ಸಾಲೊಂದಿತ್ತು: “‘ಬಾಗಿಲು ತೆರೆದೇ ಇದೆ, ನಾನೇ ಒಳಗಿಲ್ಲ’ ಎಂಬ ಮಾತಿಗೆ ಕಣ್ಣು ತುಂಬಿತು.”

“ಈ ಮಾತು ನಿಮ್ಮದಾ?” ಎಂದು ಶೈಲಜಾರನ್ನು ಕೇಳಿದರು.

“ನಾಟಕದ ಪುಸ್ತಕದಾಗ ಐತ್ರಿ. ನಾ ಒಮ್ಮೆಯೂ ಅಂದಿಲ್ಲ. ಅದರ ಬದ್ಲಿ ನಾ ಗಂಡನ್ನ ಬೈತೀನಿ, ಮಂದಿ ಸಿಳ್ಳಿ ಹೊಡೀತಾರ.”

“ಪುಸ್ತಕ ಯಾರ ಹತ್ರ ಐತಿ?”

“ತಾಯಪ್ಪಣ್ಣನ ಹತ್ರ. ಒಂದಾ ಪ್ರತಿ.”

ತಾಯಪ್ಪ ತಂಡದ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಕುಳಿತು ಕಲಾವಿದರಿಗೆ ಮಾತು ಎತ್ತಿಕೊಡುವವರು. ಶುಕ್ರವಾರ ಬೆಳಿಗ್ಗೆ 11.30ಕ್ಕೆ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಅವರ ಮೊಬೈಲ್ ವಶಪಡಿಸಿಕೊಳ್ಳಲಾಯಿತು. ನಾಲ್ಕೂ ಖಾತೆಗಳು ಅದರಲ್ಲಿದ್ದವು; ತಾಯಪ್ಪನವರನ್ನು ಬಂಧಿಸಲಾಯಿತು. ಬಂಧನದ ಸುದ್ದಿ ಗದ್ವಾಲಕ್ಕೆ ಮುಟ್ಟಿತು. ಶೈಲಜಾ ಅವರೇ ಬರಲಿ ಎಂದು ಅಲ್ಲಿಂದ ಉತ್ತರ ಬಂತು.

“ಯಾಕ ಬರದ್ರಿ?” ಚಂದ್ರಕಾಂತ್ ಕೇಳಿದರು.

“ನಾಟಕ ಬರದಾಂವ ನಾ, ಸಾರ್. ಹನ್ನೊಂದು ವರ್ಷಾತು. ಚಪ್ಪಾಳಿ ಬೀಳೂದೆಲ್ಲ ಆಕಿ ತಾನಾ ಕಟ್ಟಿದ ಮಾತಿಗೆ.”

ಜಾಮೀನು ಸಿಗುವ ಕಲಂ. ಕಾಗದ ತಯಾರಾಗುವವರೆಗೆ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಶೈಲಜಾ ಎದುರು ಬಂದು ನಿಂತರು.

“ಒಂದಿನಾರ ನನಗ ಹೇಳಬಾರದಾಗಿತ್ತೇನಣ್ಣ?”

ತಾಯಪ್ಪ ತಲೆ ಎತ್ತಲಿಲ್ಲ.

“ಪ್ರತಿ ಆಟದಾಗೂ ಪರದೆ ಹಿಂದಿಂದ ಹೇಳ್ತಿದ್ನಲ್ಲವ್ವ.”