ಬಣ್ಣಗೆಟ್ಟ ತಟ್ಟೆಗಳು

ಸೂಕ್ಷ್ಮದರ್ಶಕದಿಂದ ತಲೆಯೆತ್ತಿದವಳು ಮತ್ತೆ ಬಗ್ಗಿ ನೋಡಿದಳು. ಕೋಶ ಬೆಳೆಸುವ ಪುಟ್ಟ ತಟ್ಟೆಗಳಲ್ಲಿ ಅರ್ಧದಷ್ಟರಲ್ಲಿ ನರಕೋಶಗಳೆಲ್ಲ ಸತ್ತಿದ್ದವು. ಉಳಿದರ್ಧದಲ್ಲಿ ನೆಮ್ಮದಿಯಾಗಿದ್ದವು.

ಪ್ರಯೋಗಾಲಯದವರು ಅವಳಿಗಿಟ್ಟ ಹೆಸರು ಮೌನಗೌರಿ. ಮರೆವಿನ ಕಾಯಿಲೆಯಲ್ಲಿ ನರಕೋಶಗಳು ತಮ್ಮನ್ನು ತಾವೇ ಕೊಂದುಕೊಳ್ಳುತ್ತವೆ ಎಂಬುದು ಅವಳ ವಾದ. ಆ ದಾರಿಗೆ ಅಡ್ಡ ನಿಲ್ಲುವ ಔಷಧಿ ಅವಳದು. ಮನೆಯಲ್ಲಿ ಅಮ್ಮ ಆಗಲೇ “ಯಾರಮ್ಮಾ ನೀನು?” ಅನ್ನತೊಡಗಿದ್ದಳು.

ಯಾವ ತಟ್ಟೆಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಅವಳಿಗೂ ತಿಳಿಯದು. ಪಕ್ಷಪಾತ ಬಾರದಿರಲೆಂದು ಹಿರಿಯ ವಿಜ್ಞಾನಿಯೊಬ್ಬರೇ ಹನಿ ಹಾಕಿ, ಮುಚ್ಚಳಕ್ಕೆ ಗುಟ್ಟಿನ ಗುರುತು ಬರೆಯುವುದು ಅಲ್ಲಿನ ಪದ್ಧತಿ. ಈಗ ಎಲ್ಲರ ಮುಂದೆ ಅವರು ಗುಟ್ಟು ಬಿಚ್ಚಿದರು — ಸತ್ತವೆಲ್ಲ ಔಷಧಿಯ ತಟ್ಟೆಗಳೇ.

“ಇದು ಔಷಧಿಯಲ್ಲ, ವಿಷ” ಎಂದರು.

ಪ್ರಯೋಗಾಲಯದ ನಿರ್ದೇಶಕಿ ಎಲ್ಲರನ್ನೂ ಹೊರಗೆ ಕಳಿಸಿದರು. ಉಳಿದವರು ಹಿರಿಯರು, ಮೌನಗೌರಿ, ಕೋಶಗಳಿಗೆ ಆಹಾರದ್ರವ ಹಾಕುವ ತಂತ್ರಜ್ಞ. ಸಂಶೋಧನೆ ಇವತ್ತಿಗೇ ಬಂದ್ ಎಂದರು ನಿರ್ದೇಶಕಿ.

ಮೌನಗೌರಿ ಎರಡು ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬದುಕಿದ್ದರಲ್ಲಿ ದ್ರವ ಕಡುಗುಲಾಬಿ. ಸತ್ತದ್ದರಲ್ಲಿ ತೆಳ್ಳಗೆ, ಬಣ್ಣಗೆಟ್ಟಿತ್ತು.

“ಬೇರೆ ಬೇರೆ ಬಾಟ್ಲಿಯಿಂದ ಹಾಕಿದ್ರಾ?”

“ಒಂದೇ ಬಾಟ್ಲಿ ತಾಯಿ. ಎಲ್ಲಾದಕ್ಕೂ ಒಂದೇ ಸಮ” ಎಂದ ತಂತ್ರಜ್ಞ.

“ಹಾಗಾದ್ರೆ ಬಣ್ಣ ಎಲ್ಲಿ ಹೋಯ್ತು? ಒಂದು ಹನಿ ಔಷಧಿಗೆ ಬಣ್ಣ ಹೀಗೆ ಇಳಿಯಲ್ಲ. ಯಾರೋ ದ್ರವ ಹೀರಿ ತೆಗೆದು ನೀರು ತುಂಬಿದ್ದಾರೆ. ತಾವಾಗಿ ಸಾಯೋ ಕೋಶ ಸುಕ್ಕಿ ಚೂರಾಗುತ್ತೆ. ನೋಡಿ — ಇವು ಬರೀ ನೀರು ಕುಡಿದು ಉಬ್ಬಿ ಒಡೆದಿವೆ.”

ಬಾಗಿಲಿಗೆ ಬೀಗವಿಲ್ಲ, ಯಾರು ಬೇಕಾದರೂ ಬಂದಿರಬಹುದು ಎಂದರು ನಿರ್ದೇಶಕಿ.

“ಬರಬಹುದು ಮೇಡಂ. ಆದ್ರೆ ಔಷಧಿಯ ತಟ್ಟೆಗಳನ್ನೇ ಆರಿಸಿ, ಒಂದೂ ತಪ್ಪದೆ? ಆ ಗುಟ್ಟು ಗೊತ್ತಿದ್ದದ್ದು ಒಬ್ಬರಿಗೇ.”

ಅವಳು ಹಿರಿಯರ ಕಡೆ ತಿರುಗಿದಳು. ನರಕೋಶ ತಾನಾಗಿ ಸಾಯದು, ಹೊರಗೆ ಕೂಡುವ ಕಶ್ಮಲ ಅದನ್ನು ಕೊಲ್ಲುತ್ತದೆಂದು ಜೀವಮಾನವೆಲ್ಲ ಸಾರಿದವರು ಅವರು.

“ನಿನ್ನೆ ಮೊನ್ನೆ ಬಂದವಳು ನನ್ನ ಮಾತು ಸುಳ್ಳು ಮಾಡ್ತೀಯಾ?” ಎಂದರು ಹಿರಿಯರು.

ಅವರು ದೊಡ್ಡವರು, ವಿಷಯ ಇಲ್ಲಿಗೇ ಮುಚ್ಚಿಹಾಕೋಣ, ನಿನ್ನ ಕೆಲಸ ಉಳಿಯುತ್ತದೆ ಎಂದು ನಿರ್ದೇಶಕಿ ಸಮಾಧಾನಕ್ಕಿಳಿದರು.

“ಇಲ್ಲ ಮೇಡಂ. ವಿಷ ಅಂತ ಎಲ್ಲರೆದುರು ಹೇಳಿದ್ರು. ಅಲ್ಲ ಅಂತಲೂ ಎಲ್ಲರೆದುರೇ ಹೇಳಲಿ. ಅಲ್ಲೀವರೆಗೆ ನಾನಿಲ್ಲಿಂದ ಕದಲೋದಿಲ್ಲ.”

ಸ್ಟೂಲು ಎಳೆದುಕೊಂಡು ಕುಳಿತಳು.

ತಂತ್ರಜ್ಞ ಯಾರ ಅಪ್ಪಣೆಗೂ ಕಾಯದೆ ಬಾಗಿಲು ತೆರೆದು, ಹೊರಗಿದ್ದವರನ್ನೆಲ್ಲ ಒಳಗೆ ಕರೆದ.