ಹೊಡೆದ ಗೋಲು, ಬಿಟ್ಟ ಗೋಲು

“ಏನಂದಿ? ಮೊರಾಕ್ಕೊ ಸ್ಪೇನನ್ನ ಸೋಲಸ್ತೈತಾ?”

ಗವಿಸಿದ್ದೇಶ್ ಬೆಂಚಿನ ಮೇಲೆ ಹತ್ತಿ ನಿಂತು ಕೇಳಿದ. ಆರನೇ ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತು. ಅಂಜನಾ ಗೋಡೆಗೆ ಅಂಟಿಸುತ್ತಿದ್ದ ತನ್ನ ಚಾರ್ಟಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಕೈ ತೆಗೆದರೆ ಚಾರ್ಟು ಕೆಳಗೆ ಬೀಳುತ್ತಿತ್ತು.

“ಗವಿ, ಮೊದ್ಲು ಕೆಳಗ ಇಳಿ,” ಎಂದರು ಗಣಿತದ ಸುಶಮೀಂದ್ರ ಸರ್. “ಅಂಜನಾ, ಯಾಕ ಹಂಗ ಬರದಿ, ಹೇಳವಾ.”

ಅದು 2022ರ ಡಿಸೆಂಬರ್ ತಿಂಗಳ ಮೊದಲ ಶನಿವಾರ. ಕತಾರ್‌ನಲ್ಲಿ ಫುಟ್‌ಬಾಲ್ ವರ್ಲ್ಡ್ ಕಪ್ ನಡೆಯುತ್ತಿತ್ತು. ಪ್ರತಿ ತಂಡವೂ ಮೂರು ಮ್ಯಾಚ್ ಆಡಿ, ಮೂವತ್ತೆರಡರಲ್ಲಿ ಹದಿನಾರು ತಂಡ ಉಳಿದಿದ್ದವು. ಇನ್ನು ಮುಂದೆ ಸೋತವರು ಮನೆಗೆ. ಬಳ್ಳಾರಿಯ ಪಾರ್ವತಿನಗರದ ಆ ಶಾಲೆಯಲ್ಲಿ ಅದೇ ವಾರ ಅಂಕಿ-ಅಂಶದ ಪಾಠ ನಡೆದಿತ್ತು. ಮೂರು ಮ್ಯಾಚಿನ ಅಂಕಿ ನೋಡಿ ಮುಂದಿನ ಎಂಟು ಮ್ಯಾಚ್ ಯಾರು ಗೆಲ್ಲುತ್ತಾರೆಂದು ಬರೆದು ತನ್ನಿ, ಸುಮ್ಮನೆ ಊಹೆ ಮಾಡುವಂತಿಲ್ಲ ಎಂದಿದ್ದರು ಸರ್. ಹೆಚ್ಚು ಸರಿ ಬಂದ ಚಾರ್ಟು ಮುಂದಿನ ಶುಕ್ರವಾರ ಸಿರುಗುಪ್ಪದ ಗಣಿತ ಮೇಳಕ್ಕೆ ಹೋಗಬೇಕು. ಒಂದು ಶಾಲೆಗೆ ಒಂದೇ ಚಾರ್ಟು.

“ಎಲ್ರೂ ಎಷ್ಟು ಗೋಲು ಹೊಡದ್ರು ಅಂತ ಎಣಸ್ತಾರ್ರಿ ಸರ್,” ಎಂದಳು ಅಂಜನಾ. “ನಾ ಎದುರಿನವರಿಗೆ ಎಷ್ಟು ಗೋಲು ಬಿಟ್ರು ಅಂತ ಎಣಸೀನ್ರಿ. ಸ್ಪೇನ್ ಮೂರು ಬಿಟ್ಟೈತಿ. ಮೊರಾಕ್ಕೊ ಬರೀ ಒಂದು.”

“ಸ್ಪೇನ್ ಒಂಬತ್ತು ಹೊಡದೈತಿ ಸರ್! ಮೊರಾಕ್ಕೊ ನಾಕ!” ಗವಿ ಕೂಗಿದ. ಅವನ ಚಾರ್ಟಿನ ತುಂಬ ಹೊಡೆದ ಗೋಲುಗಳದೇ ಲೆಕ್ಕ.

ಅಂಜನಾ ಬಿಟ್ಟ ಗೋಲನ್ನೇ ಎಣಿಸಲು ಕಾರಣವಿತ್ತು. ಸಂಜೆ ಶಾಲೆಯ ಮೈದಾನದಲ್ಲಿ ಯಾರಿಗೂ ಬೇಡವಾದ ಗೋಲ್‌ಕೀಪರ್ ಜಾಗ ಅವಳದು. ಗವಿ ಎರಡು ಗೋಲು ಹೊಡೆದರೆ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಅವಳು ಐದು ತಡೆದರೂ ಯಾರಿಗೂ ನೆನಪಿರುತ್ತಿರಲಿಲ್ಲ. ಒಂದು ಬಿಟ್ಟರೆ ಮಾತ್ರ ಸೋಮವಾರದವರೆಗೂ ನೆನಪಿರುತ್ತಿತ್ತು.

“ಇಬ್ಬರದೂ ಲೆಕ್ಕನೇ. ನೋಡೂಣು,” ಎಂದು ಸರ್ ಎರಡೂ ಚಾರ್ಟುಗಳನ್ನು ಅಕ್ಕಪಕ್ಕ ತೂಗುಹಾಕಿದರು.

ಸೋಮವಾರ ಅಂಜನಾಳ ಮುಖ ಸಣ್ಣದಾಗಿತ್ತು. ಅವಳು ಪೋಲೆಂಡ್ ಎಂದು ಬರೆದಿದ್ದಳು, ಫ್ರಾನ್ಸ್ ಗೆದ್ದಿತ್ತು. ಗವಿ ಇಡೀ ದಿನ “ಪೋಲೆಂಡ್, ಪೋಲೆಂಡ್” ಎಂದು ಕಾಡಿದ. ಮಂಗಳವಾರ ಅವನ ಸರದಿ. ಅವನು ಗೆಲ್ಲುತ್ತದೆ ಎಂದಿದ್ದ ದಕ್ಷಿಣ ಕೊರಿಯಾವನ್ನು ಬ್ರೆಜಿಲ್ ಮಣಿಸಿತ್ತು. ಇಬ್ಬರ ಚಾರ್ಟಿನಲ್ಲೂ ಒಂದೊಂದು ಮ್ಯಾಚಿಗೆ ಎರಡೂ ತಂಡಗಳ ಅಂಕಿ ಸಮಸಮ ಬಂದಿದ್ದರಿಂದ ಸರ್ ಅಲ್ಲಿ ಸರಿ-ತಪ್ಪು ಹಾಕದೆ ಗೆರೆ ಎಳೆದಿದ್ದರು. ಹಲಗೆಯ ಮೇಲೆ ಇಬ್ಬರಿಗೂ ನಾಲ್ಕು ನಾಲ್ಕು ಸರಿ, ಒಂದೊಂದು ತಪ್ಪು. ಉಳಿದದ್ದು ಎರಡೇ ಮ್ಯಾಚ್.

ಬುಧವಾರ ಬೆಳಿಗ್ಗೆ ಅಪ್ಪನೇ ಬಂದು ಅವಳ ಹೊದಿಕೆ ಎಳೆದರು.

“ಏಳವಾ, ನಿನ್ನ ಮೊರಾಕ್ಕೊ ಗೆದ್ದೈತಿ! ಸ್ಪೇನ್‌ಗೆ ಒಂದ ಗೋಲೂ ಬಿಡಲಿಲ್ಲ. ಪೆನಾಲ್ಟಿಯೊಳಗೂ ಬಿಡಲಿಲ್ಲ!”

ಅಂಜನಾ ಹಾಸಿಗೆಯ ಮೇಲೆಯೇ ಕುಣಿದಳು. ಸಿರುಗುಪ್ಪದ ಬಸ್ಸು ಹತ್ತಿ ಕೂತಷ್ಟೇ ಖುಷಿಯಾಯಿತು.

“ಇನ್ನೊಂದು ಮ್ಯಾಚು?”

ಅಪ್ಪ ತಲೆ ಕೆರೆದುಕೊಂಡರು. “ಪೋರ್ಚುಗಲ್ ಆರು ಗೋಲು ಹೊಡೀತು.”

ಅವಳು ಸ್ವಿಟ್ಜರ್ಲೆಂಡ್ ಎಂದು ಬರೆದಿದ್ದಳು. ಪೋರ್ಚುಗಲ್ ಗವಿಯದು. ಐದು-ಐದು.

ಶಾಲೆಯಲ್ಲಿ ಸರ್ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಎರಡೂ ಐದನ್ನು ಬರೆದರು. “ಈಗ ಯಾರನ್ನ ಕಳಸೂದು?”

“ಚೀಟಿ ಎತ್ತೂಣ್ರಿ ಸರ್,” ಎಂದ ಗವಿ.

“ಚೀಟಿ ಎತ್ತಿದ್ರ ಅದು ಲೆಕ್ಕ ಆಗಂಗಿಲ್ಲ!” ಅಂಜನಾ ಥಟ್ಟನೆ ಹೇಳಿದಳು. “ಮಧ್ಯಾಹ್ನದ ತನಕ ಟೈಮ್ ಕೊಡ್ರಿ ಸರ್.”

ಊಟದ ಬಿಡುವಿನಲ್ಲಿ ಅವಳು ಡಬ್ಬಿ ತೆರೆಯದೆ ಚಾರ್ಟುಗಳ ಮುಂದೆ ನಿಂತಳು. ಗವಿ ತಪ್ಪಿದ್ದು ಬ್ರೆಜಿಲ್, ಮೊರಾಕ್ಕೊ ಮ್ಯಾಚುಗಳಲ್ಲಿ. ಎರಡೂ ಅವಳದು ಸರಿ. ಅವಳು ತಪ್ಪಿದ್ದು ಫ್ರಾನ್ಸ್, ಪೋರ್ಚುಗಲ್ ಮ್ಯಾಚುಗಳಲ್ಲಿ. ಎರಡೂ ಅವನದು ಸರಿ.

“ಲೇ ಗವಿ, ಬಾ ಇಲ್ಲಿ! ನೀ ತಪ್ಪಿದ ಕಡಿ ನಾ ಸರಿ ಅದೀನಿ. ನಾ ತಪ್ಪಿದ ಕಡಿ ನೀ ಸರಿ ಅದೀ.”

ಗವಿ ಬಾಯಲ್ಲಿದ್ದ ರೊಟ್ಟಿ ಅಗಿಯುತ್ತ ಬಂದ. “ಅದಕ್ಕ?”

“ಹೊಡದದ್ದರಾಗ ಬಿಟ್ಟದ್ದು ಕಳದ್ರ?”

ಗವಿಗೆ ಮನಸ್ಸಿರಲಿಲ್ಲ. ಆದರೂ ತನ್ನ ಸಂಖ್ಯೆಗಳನ್ನು ಓದಿದ. ಅಂಜನಾ ತನ್ನವನ್ನು ಕಳೆದಳು. ಫ್ರಾನ್ಸ್ ಮೂರು, ಪೋಲೆಂಡ್ ಸೊನ್ನೆ. ಸರಿ! ಬ್ರೆಜಿಲ್ ಎರಡು, ಕೊರಿಯಾ ಸೊನ್ನೆ. ಸರಿ! ಪೋರ್ಚುಗಲ್ ಎರಡು, ಸ್ವಿಟ್ಜರ್ಲೆಂಡ್ ಒಂದು. ಅದೂ ಸರಿ! ಗೆರೆ ಎಳೆದಿದ್ದ ಮ್ಯಾಚುಗಳೂ ಈಗ ಸರಿ ಬಂದವು. ಎಂಟರಲ್ಲಿ ಏಳು.

ತಪ್ಪಿದ್ದು ಒಂದೇ. ಸ್ಪೇನ್ ಆರು, ಮೊರಾಕ್ಕೊ ಮೂರು.

“ನಿನ್ನ ಮೊರಾಕ್ಕೊನ ಹೋತಲ್ಲಲೇ!” ಎಂದ ಗವಿ.

ಇಡೀ ತರಗತಿ ನಕ್ಕಾಗಲೂ ಅಂಜನಾ ಬಿಡದಿದ್ದ ಮ್ಯಾಚು ಅದು. ಆದರೂ ಕೆಂಪು ಪೆನ್ನು ತೆಗೆದು ಅದರ ಮುಂದೆ ತಾನೇ ತಪ್ಪು ಗುರುತು ಹಾಕಿದಳು.

ಸರ್ ಹೊಸ ಚಾರ್ಟನ್ನು ಎರಡು ಸಲ ಓದಿದರು. “ಇಬ್ಬರೂ ಹೊರಡ್ರಿ,” ಎಂದರು.

ಶುಕ್ರವಾರ ಸಿರುಗುಪ್ಪದ ದಾರಿಯುದ್ದಕ್ಕೂ ರಸ್ತೆ ಬದಿ ಭತ್ತ ಒಣಹಾಕಿದ್ದರು. ಮೇಳದ ಹಾಲ್‌ನಲ್ಲಿ ನಲವತ್ತು ಚಾರ್ಟುಗಳಿದ್ದವು. ತೀರ್ಪುಗಾರರಾದ ಶೈಲಜಾ ಮೇಡಂ ಕನ್ನಡಕ ಏರಿಸಿಕೊಂಡು ಇವರ ಮುಂದೆ ನಿಂತರು.

“ಎಂಟರಾಗ ಏಳು. ಭಾಳ ಛಲೋ. ಆದ್ರ ಈ ಲೆಕ್ಕ ಯಾವಾಗ ಹಾಕಿದ್ರಿ?”

ಗವಿ ಅಂಜನಾಳ ಕಡೆ ನೋಡಿದ. ಅಂಜನಾ ನೆಲ ನೋಡಿದಳು. “ಮ್ಯಾಚ್ ಮುಗದ ಮ್ಯಾಲ್ರಿ ಮೇಡಂ.”

“ಮುಗದ ಮ್ಯಾಲೆ ಯಾರ ಲೆಕ್ಕ ಹಾಕಿದ್ರೂ ಸರಿ ಬರೂ ಹಂಗ ಮಾಡಬಹುದಲ್ಲಮ್ಮಾ? ಅದು ಭವಿಷ್ಯ ಹೆಂಗ ಆಗತೈತಿ?”

ಮಾತು ನಿಜವಾಗಿತ್ತು. ಮೇಡಂ ಪಕ್ಕದ ಚಾರ್ಟಿನ ಕಡೆ ತಿರುಗಿದರು.

“ಮೇಡಂ!” ಅಂಜನಾಳ ದನಿ ಅವಳಿಗೇ ಜೋರೆನಿಸಿತು. “ಹೋದ ಸಲದ ವರ್ಲ್ಡ್ ಕಪ್ ಕೇಳ್ರಿ. ಆವಾಗ ನಾವು ಎರಡನೇತ್ತ ಇದ್ವಿ. ಆ ಮ್ಯಾಚು ಯಾರ್ಯಾರು ಗೆದ್ರು ಅಂತ ನಮಗ ಗೊತ್ತಿಲ್ರಿ. ಯಾರ ಮ್ಯಾಲೆ ಯಾರು ಆಡಿದ್ರು, ಮೊದಲಿನ ಮೂರು ಮ್ಯಾಚಿನ ಗೋಲು ಎಷ್ಟು, ಅಷ್ಟ ಹೇಳ್ರಿ.”

“ಸುಮ್ನಿರಲೇ,” ಗವಿ ಅವಳ ತೋಳು ಚಿವುಟಿದ. “ತಪ್ಪಿದ್ರ?”

“ತಪ್ಪಿದ್ರ ತಪ್ತೈತಿ.”

ಮೇಡಂ ಫೋನಿನಲ್ಲಿ 2018ರ ಪಟ್ಟಿ ಹುಡುಕಿ ಓದತೊಡಗಿದರು. “ಉರುಗ್ವೆ, ಹೊಡದದ್ದು ಐದು, ಬಿಟ್ಟದ್ದು ಸೊನ್ನೆ. ಪೋರ್ಚುಗಲ್, ಐದು, ನಾಕು...” ಗವಿ ಬರೆದ, ಅಂಜನಾ ಕಳೆದಳು. ಅರ್ಜೆಂಟೀನಾ ಸೊನ್ನೆಗಿಂತ ಎರಡು ಕೆಳಗೆ ಹೋಯಿತು. ಸುತ್ತ ಬೇರೆ ಶಾಲೆಯ ಮಕ್ಕಳು ಸೇರಿದರು.

ರಷ್ಯಾ ನಾಲ್ಕು, ಸ್ಪೇನ್ ಒಂದು. ಗವಿಯ ಪೆನ್ಸಿಲ್ ನಿಂತಿತು.

“ಸ್ಪೇನ್ ಅಂತ ಬರೀತೀನಲೇ. ರಷ್ಯಾ ಎಲ್ಲಿ ಗೆಲ್ತೈತಿ?”

“ಲೆಕ್ಕ ಏನಂತೈತಿ?”

ಗವಿ ರಷ್ಯಾ ಎಂದು ಬರೆದ.

“ಇದನ್ನ ಕಡೀಗೆ ನೋಡೂಣು,” ಎಂದು ಮೇಡಂ ನಕ್ಕು ಉಳಿದವನ್ನು ಒಂದೊಂದಾಗಿ ಓದಿದರು. ಉರುಗ್ವೆ, ಸರಿ. ಫ್ರಾನ್ಸ್, ಸರಿ. ಕ್ರೊವೇಷ್ಯಾ, ಬ್ರೆಜಿಲ್, ಬೆಲ್ಜಿಯಂ, ಸರಿ, ಸರಿ, ಸರಿ. ಮಕ್ಕಳು ದನಿಗೂಡಿಸಿ ಎಣಿಸತೊಡಗಿದರು. ಸ್ವೀಡನ್, ಆರು! ಇಂಗ್ಲೆಂಡ್, ಏಳು!

ಮೇಡಂ ಫೋನನ್ನು ಹತ್ತಿರ ಹಿಡಿದರು. ಕನ್ನಡಕ ಸರಿಮಾಡಿಕೊಂಡರು.

“ರಷ್ಯಾ. ಪೆನಾಲ್ಟಿಯೊಳಗ.”

“ಎಂಟೂಊಊ!”

ಗವಿ ಪೆನ್ಸಿಲ್ ಮೇಲಕ್ಕೆಸೆದ. ಪರಿಚಯವೇ ಇಲ್ಲದ ಹುಡುಗಿಯರು ಅಂಜನಾಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅಷ್ಟು ಎತ್ತರದಿಂದ ಅವಳಿಗೆ ಬಾಗಿಲ ಹತ್ತಿರ ನಿಂತು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ ಸುಶಮೀಂದ್ರ ಸರ್ ಕಂಡರು. ಮೊದಲ ಬಹುಮಾನದ ಶೀಲ್ಡ್ ಅಂಜನಾ, ಗವಿ ಇಬ್ಬರಿಗೇ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನ ಕಂಡಕ್ಟರ್ ಶೀಲ್ಡ್ ನೋಡಿ ಸಂಗತಿ ಕೇಳಿದ. ಗವಿ ರಷ್ಯಾವರೆಗೂ ಒಂದೂ ಬಿಡದೆ ಹೇಳಿದ.

“ಹಂಗಾರ ಇವತ್ತು ಎಂಟೂವರಿಗೆ ಬ್ರೆಜಿಲ್, ಕ್ರೊವೇಷ್ಯಾ ಮ್ಯಾಚ್ ಐತಿ. ಯಾರು ಗೆಲ್ತಾರ ಹೇಳಿಬಿಡ್ರಿ. ನಂಗ ನಸಕಿಗೆ ಡ್ಯೂಟಿ, ಮಲಗಿಬಿಡ್ತೀನಿ.”

ಗವಿ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದ. ನಾಲ್ಕೂ ಮ್ಯಾಚ್ ಸೇರಿಸಿದರೆ ಬ್ರೆಜಿಲ್ ಐದು, ಕ್ರೊವೇಷ್ಯಾ ಮೂರು. “ಬ್ರೆಜಿಲ್ಲ!”

“ಖರೇನಾ? ಗ್ಯಾರಂಟಿನಾ?” ಕಂಡಕ್ಟರ್ ಅಂಜನಾಳನ್ನು ಕೇಳಿದ.

ಹೋದ ಶನಿವಾರವಾಗಿದ್ದರೆ ಅವಳು ಆಣೆ ಮಾಡಿ ಹೇಳುತ್ತಿದ್ದಳೇನೋ.

“ಲೆಕ್ಕ ಬ್ರೆಜಿಲ್ ಅಂತೈತ್ರಿ ಅಣ್ಣಾ,” ಎಂದಳು. “ಗ್ಯಾರಂಟಿ ನಂಗ ಗೊತ್ತಿಲ್ಲ. ನೀವು ಮಲಗಬ್ಯಾಡ್ರಿ, ಮ್ಯಾಚ್ ನೋಡ್ರಿ.”

ಗೊತ್ತಿಲ್ಲ ಎನ್ನಲು ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಕಿಟಕಿಗೆ ಒರಗಿ, ಎಂಟೂವರೆ ಆಗಲು ಇನ್ನೆಷ್ಟು ಹೊತ್ತು ಎಂದು ಬೆರಳಲ್ಲಿ ಎಣಿಸತೊಡಗಿದಳು.